ಯೂನಿವರ್ಸಿಟಿ ಬದಲಿಸಬೇಕೋ, ಬೇಡವೋ? ಅಮೆರಿಕದಲ್ಲಿ ಬಿಸಿನೆಸ್ ಓದುವ ನಮ್ಮ ಮಕ್ಕಳ ಪ್ರಶ್ನೆ

ಹೈದರಾಬಾದ್, ಪುಣೆ, ಮುಂಬಯಿಯ ನಮ್ಮ ಮನೆಗಳಿಂದ ಮಕ್ಕಳು ಬಿಸಿನೆಸ್ ಓದೋಕೆ ಅಮೆರಿಕಕ್ಕೆ ಹೋಗುವುದು ಈಗ ಹೊಸದೇನಲ್ಲ. ಹೋದ ಮೇಲೆ ಮೊದಲ ಚಳಿಗಾಲದ ಹೊತ್ತಿಗೆ ಕೆಲವು ಮನೆಗಳಿಗೆ ಒಂದು ಫೋನ್ ಬರುತ್ತದೆ. "ಅಬ್ಬಾ, ಇಲ್ಲಿ ಸರಿ ಹೋಗ್ತಿಲ್ಲ. ಬೇರೆ ಯೂನಿವರ್ಸಿಟಿಗೆ ಟ್ರಾನ್ಸ್‌ಫರ್ ಆಗಲಾ?" ಅಬ್ಬಾ "ಸುಮ್ನೆ ಓದು" ಅನ್ನುತ್ತಾರೆ, ಅಮ್ಮಿ "ವಾಪಸ್ ಬಂದ್ಬಿಡು" ಅನ್ನುತ್ತಾರೆ. ವೀಸಾ ರದ್ದಾಗುತ್ತೆ ಅಂತ ಯಾರೋ ಮಾಮೂ ಹೆದರಿಸುತ್ತಾರೆ. ಮಶ್ವರಾ ಮಾಡುವುದು ಒಳ್ಳೆಯದೇ, ಆದರೆ ಮಶ್ವರಾ ಕೊಡುವವರಿಗೆ ವಿಷಯ ಗೊತ್ತಿರಬೇಕು.

ಮೊದಲು ವೀಸಾ ಭಯದ ಮಾತು. ಎಫ್-1 ವೀಸಾದಲ್ಲಿರುವ ವಿದ್ಯಾರ್ಥಿ ಯೂನಿವರ್ಸಿಟಿ ಬದಲಿಸಬಹುದು. ಅವನ ದಾಖಲೆ ಸೆವಿಸ್ ಎನ್ನುವ ಸರ್ಕಾರಿ ಕಂಪ್ಯೂಟರ್ ವ್ಯವಸ್ಥೆಯಲ್ಲಿರುತ್ತದೆ. ಹೊಸ ಕಡೆ ಸೀಟು ಸಿಕ್ಕ ಮೇಲೆ ಹಳೆಯ ಯೂನಿವರ್ಸಿಟಿಯ ಅಂತಾರಾಷ್ಟ್ರೀಯ ವಿದ್ಯಾರ್ಥಿ ಕಚೇರಿಯ ಅಧಿಕಾರಿ, ಅಂದರೆ ಡಿಎಸ್‌ಒ, ಒಂದು ದಿನಾಂಕ ಹಾಕಿ ಆ ದಾಖಲೆಯನ್ನು ಬಿಟ್ಟುಕೊಡುತ್ತಾರೆ. ಹೊಸ ಯೂನಿವರ್ಸಿಟಿ ಹೊಸ ಐ-20 ಕೊಡುತ್ತದೆ. ಸೆವಿಸ್ ಶುಲ್ಕವನ್ನು ಮತ್ತೆ ಕಟ್ಟಬೇಕಿಲ್ಲ. ಪಾಸ್‌ಪೋರ್ಟಿನ ವೀಸಾದ ಮೇಲೆ ಹಳೆಯ ಯೂನಿವರ್ಸಿಟಿಯ ಹೆಸರಿದ್ದರೂ ಅವಧಿ ಮುಗಿಯುವವರೆಗೆ ಅದು ನಡೆಯುತ್ತದೆ. ಆದರೆ ರಜೆಗೆ ಊರಿಗೆ ಬಂದು ಹಿಂತಿರುಗುವಾಗ ಕೈಯಲ್ಲಿ ಹೊಸ ಐ-20 ಇರಲೇಬೇಕು.

ಆ ಬಿಟ್ಟುಕೊಡುವ ದಿನಾಂಕದ ಬಗ್ಗೆ ಮಕ್ಕಳು ಎಚ್ಚರವಾಗಿರುವುದಿಲ್ಲ. ಆ ದಿನದ ತನಕ ಮನಸ್ಸು ಬದಲಿಸಬಹುದು, ಆಮೇಲೆ ಹಳೆಯ ಕಚೇರಿಯ ಕೈಯಲ್ಲಿ ಏನೂ ಇರುವುದಿಲ್ಲ. ಹಳೆಯ ಕ್ಯಾಂಪಸ್ಸಿನ ಲೈಬ್ರರಿಯಲ್ಲೋ ಕ್ಯಾಂಟೀನಿನಲ್ಲೋ ಕೆಲಸ ಮಾಡುತ್ತಿದ್ದರೆ ಅದೂ ಅಂದೇ ನಿಲ್ಲಬೇಕು. ಹಳೆಯ ಕಡೆ ಬಿಟ್ಟ ಮೇಲೆ ಹೊಸ ತರಗತಿಗಳು ಐದು ತಿಂಗಳೊಳಗೆ ಶುರುವಾಗಬೇಕು. ಇನ್ನೊಂದು ಮಾತು: 2025ರ ಆಗಸ್ಟಿನಲ್ಲಿ ಅಮೆರಿಕ ಸರ್ಕಾರ ಪ್ರಕಟಿಸಿದ ಕರಡು ನಿಯಮದಲ್ಲಿ, ಪದವಿ ವಿದ್ಯಾರ್ಥಿಗಳು ಮೊದಲ ವರ್ಷವನ್ನು ಸೇರಿದ ಕಡೆಯೇ ಮುಗಿಸಬೇಕು ಎಂಬ ಪ್ರಸ್ತಾಪವಿದೆ. ಹಾಗಾಗಿ ಅರ್ಜಿ ಹಾಕುವ ದಿನ ಯಾವ ನಿಯಮವಿದೆ ಅಂತ ಡಿಎಸ್‌ಒ ಬಾಯಿಂದಲೇ ಕೇಳಬೇಕು, ಯೂಟ್ಯೂಬ್ ನೋಡಿ ಅಲ್ಲ.

ಎಲ್ಲಕ್ಕಿಂತ ಅಪಾಯ ಇನ್ನೊಂದಿದೆ. ಬೇಸರವಾದ ಹುಡುಗ ತರಗತಿಗೆ ಹೋಗುವುದನ್ನೇ ಬಿಡುತ್ತಾನೆ, ಅಥವಾ ಯಾರಿಗೂ ಹೇಳದೆ ಒಂದೆರಡು ವಿಷಯ ಕೈಬಿಡುತ್ತಾನೆ. ಪದವಿ ವಿದ್ಯಾರ್ಥಿಗೆ ಸೆಮಿಸ್ಟರಿಗೆ ಕನಿಷ್ಠ 12 ಕ್ರೆಡಿಟ್ ಇರಬೇಕು. ಡಿಎಸ್‌ಒ ಅನುಮತಿಯಿಲ್ಲದೆ ಅದಕ್ಕಿಂತ ಕೆಳಗಿಳಿದರೆ ಅವನ ಕಾನೂನು ಸ್ಥಿತಿಯೇ ಮುರಿಯುತ್ತದೆ, ಆಮೇಲೆ ಸಾಮಾನ್ಯ ಟ್ರಾನ್ಸ್‌ಫರ್ ದಾರಿ ಮುಚ್ಚುತ್ತದೆ. ಮನಸ್ಸು ಸರಿಯಿಲ್ಲ ಎಂದಾದರೆ ವೈದ್ಯರ ಪತ್ರದ ಮೇಲೆ ಕಡಿಮೆ ಕ್ರೆಡಿಟ್‌ಗೆ ಅನುಮತಿ ಕೇಳಲು ಅವಕಾಶವಿದೆ. ನಾಚಿಕೆಯಿಂದ ನಮ್ಮ ಮಕ್ಕಳು ಇದನ್ನು ಕೇಳುವುದೇ ಇಲ್ಲ.

ಸೆವಿಸ್ ದಾಖಲೆ ಹೋಯಿತು ಅಂದರೆ ಓದಿದ್ದೆಲ್ಲ ಜೊತೆಗೆ ಹೋಯಿತು ಅಂತ ಅರ್ಥವಲ್ಲ. ಕ್ರೆಡಿಟ್ ಲೆಕ್ಕ ಬೇರೆಯೇ ಕಚೇರಿಯದ್ದು. ಬಿಸಿನೆಸ್ ಪದವಿಗೆ ಸಾಮಾನ್ಯವಾಗಿ 120 ಕ್ರೆಡಿಟ್ ಬೇಕು. ಮೊದಲೆರಡು ವರ್ಷದ ಅಕೌಂಟಿಂಗ್, ಅರ್ಥಶಾಸ್ತ್ರ, ಸಂಖ್ಯಾಶಾಸ್ತ್ರ, ಕ್ಯಾಲ್ಕುಲಸ್ ಹೆಚ್ಚಿನ ಕಡೆ ಸಲೀಸಾಗಿ ದಾಟುತ್ತವೆ. ಮೂರನೇ ವರ್ಷದ ಫೈನಾನ್ಸ್, ಮಾರ್ಕೆಟಿಂಗ್, ಸ್ಟ್ರಾಟಜಿ ಕಷ್ಟ. 1916ರಲ್ಲಿ ಶುರುವಾದ ಎಎಸಿಎಸ್‌ಬಿ ಸಂಸ್ಥೆಯ ಮಾನ್ಯತೆ ಇರುವ ಕಾಲೇಜಿನಿಂದ ಬಂದರೆ ಮಾತ್ರ ಇಂಥ ವಿಷಯಗಳನ್ನು ಒಪ್ಪುವ ಬಿಸಿನೆಸ್ ಸ್ಕೂಲುಗಳಿವೆ. ಕೊನೆಯ 30 ಕ್ರೆಡಿಟ್ ನಮ್ಮಲ್ಲೇ ಓದಬೇಕು ಅನ್ನುವ ಷರತ್ತೂ ಹಲವು ಕಡೆ ಇರುತ್ತದೆ.

ಇಲ್ಲೊಂದು ಸೂಕ್ಷ್ಮವಿದೆ, ನಮ್ಮ ಪಾಲಕರಿಗೆ ಇದನ್ನು ಬಿಡಿಸಿ ಹೇಳುವವರು ಕಡಿಮೆ. "60 ಕ್ರೆಡಿಟ್ ಒಪ್ಪಿದ್ದೇವೆ" ಅಂತ ಪತ್ರ ಬಂದರೆ ಖುಷಿಪಡುತ್ತೇವೆ. ಆದರೆ ಒಪ್ಪುವುದು ಬೇರೆ, ಪದವಿಯ ಕಡ್ಡಾಯ ವಿಷಯಗಳಿಗೆ ಹೊಂದುವುದು ಬೇರೆ. ಆ 60ರಲ್ಲಿ 15 ಕ್ರೆಡಿಟ್ ಬರೀ ಐಚ್ಛಿಕ ಖಾನೆಗೆ ಬಿದ್ದು, ಆ ಖಾನೆ ಮೊದಲೇ ತುಂಬಿದ್ದರೆ, ಸುಮಾರು ಒಂದು ಸೆಮಿಸ್ಟರ್ ಹೆಚ್ಚು ಓದಬೇಕಾಗುತ್ತದೆ. ಅದಕ್ಕೇ ಸೀಟು ಒಪ್ಪಿಕೊಳ್ಳುವ ಮುಂಚೆ ಕೇಳಬೇಕಾದ ಪ್ರಶ್ನೆ "ಎಷ್ಟು ಕ್ರೆಡಿಟ್ ಒಪ್ಪುತ್ತೀರಿ" ಅಂತಲ್ಲ, "ನಾನು ಯಾವ ಸೆಮಿಸ್ಟರಿನಲ್ಲಿ ಪದವಿ ಮುಗಿಸುತ್ತೇನೆ" ಅಂತ. ಉತ್ತರ ಇಮೇಲಿನಲ್ಲಿ ಬರಲಿ.

ಆ ಒಂದು ಸೆಮಿಸ್ಟರ್ ನಮ್ಮ ಮನೆಗಳಲ್ಲಿ ಸಣ್ಣ ಮಾತಲ್ಲ. ಬಡ್ಡಿ ಬೇಡ ಅಂತ ಬ್ಯಾಂಕಿಗೆ ಹೋಗದೆ ಸೈಟು ಮಾರಿದವರಿದ್ದಾರೆ, ಚಾಚಾ, ಫುಪ್ಪಾ ಕೊಟ್ಟ ಕರ್ಜೆ ಹಸನಾದಲ್ಲಿ ಮಕ್ಕಳನ್ನು ಕಳಿಸಿದವರಿದ್ದಾರೆ. ಅಂಥ ದುಡ್ಡಿಗೆ ಕೊಟ್ಟವರ ಮನೆಯ ಮದುವೆಯೊಂದು ಕಾಯುತ್ತಿರುತ್ತದೆ. ಬ್ಯಾಂಕ್ ಸಾಲ ತೆಗೆದವರಿಗೆ ಬೇರೆ ತಲೆನೋವು: ಸಾಲ ಮಂಜೂರಾಗಿದ್ದು ಒಂದು ನಿರ್ದಿಷ್ಟ ಯೂನಿವರ್ಸಿಟಿಯ ಪ್ರವೇಶಪತ್ರದ ಮೇಲೆ, ಬದಲಾದರೆ ಬ್ಯಾಂಕಿಗೆ ಮತ್ತೆ ಕಾಗದ ಒಪ್ಪಿಸಬೇಕು. ಮೊದಲ ವರ್ಷ ಸಿಕ್ಕ ಮೆರಿಟ್ ಸ್ಕಾಲರ್‌ಶಿಪ್ ಕೂಡ ಹಳೆಯ ಕಡೆಯೇ ಉಳಿಯುತ್ತದೆ. ಟ್ರಾನ್ಸ್‌ಫರ್ ಆಗಿ ಬರುವ ವಿದೇಶಿ ವಿದ್ಯಾರ್ಥಿಗಳಿಗೆ ಹೊಸ ಕಡೆ ಸಿಗುವ ನೆರವು ಸಾಮಾನ್ಯವಾಗಿ ಕಡಿಮೆ.

ಹಾಗಾದರೆ ಯಾವಾಗ ಬದಲಿಸಬೇಕು? ಹೆಸರು ದೊಡ್ಡದು ಅನ್ನುವುದಷ್ಟೇ ಕಾರಣವಾದರೆ ಬೇಡ ಅನ್ನುತ್ತೇನೆ. ಕೆಲಸದ ಚಿಂತೆಯೇ ಕಾರಣವಾದರೆ ಮೊದಲು ಕೋರ್ಸ್ ನೋಡಿ. ಓದು ಮುಗಿದ ಮೇಲೆ ಕೆಲಸ ಮಾಡಲು ಸಿಗುವ ಒಪಿಟಿ ಅವಧಿ 12 ತಿಂಗಳು. ಸ್ಟೆಮ್ ಪಟ್ಟಿಯಲ್ಲಿರುವ ಕೋರ್ಸಿಗೆ ಇನ್ನೂ 24 ತಿಂಗಳು ಸೇರಬಹುದು. ಸಾಧಾರಣ ಮಾರ್ಕೆಟಿಂಗ್ ಆ ಪಟ್ಟಿಯಲ್ಲಿಲ್ಲ, ಬಿಸಿನೆಸ್ ಅನಲಿಟಿಕ್ಸ್ ಹಲವು ಕಡೆ ಇದೆ. ಅದೇ ಯೂನಿವರ್ಸಿಟಿಯಲ್ಲಿ ಮೇಜರ್ ಬದಲಿಸಿದರೇ ಆಗುವ ಕೆಲಸಕ್ಕೆ ಊರು ಬದಲಿಸುವುದು ಯಾಕೆ? ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಹೀಗೇ ಮಾಡಿದಳು.

ಇನ್ನು ಒಂಟಿತನ. ಜುಮಾಗೆ ಹೋಗಲು ಬಸ್ಸಿಲ್ಲ, ಮೆಸ್ಸಿನಲ್ಲಿ ಹಲಾಲ್ ಇಲ್ಲ, ಹಿಜಾಬ್ ಹಾಕಿದ ಹುಡುಗಿ ಇಡೀ ತರಗತಿಗೆ ಒಬ್ಬಳೇ. ಇದನ್ನು ನಾನು ಹಗುರ ಕಾರಣ ಅನ್ನುವುದಿಲ್ಲ. ಊಟ ಬಿಟ್ಟು, ನಿದ್ದೆ ಬಿಟ್ಟು ಯಾರೂ ಫೈನಾನ್ಸ್ ಓದಲಾರರು. 1963ರಲ್ಲಿ ಇಲಿನಾಯ್ ಯೂನಿವರ್ಸಿಟಿಯಲ್ಲಿ ಶುರುವಾದ ಮುಸ್ಲಿಂ ಸ್ಟೂಡೆಂಟ್ಸ್ ಅಸೋಸಿಯೇಷನ್ನಿನ ಶಾಖೆಗಳು ಇಂದು ಬಹಳಷ್ಟು ಕ್ಯಾಂಪಸ್ಸುಗಳಲ್ಲಿವೆ. ಮೊದಲು ಇದ್ದ ಕಡೆ ಹುಡುಕಿ. ಒಂದು ಪೂರ್ತಿ ಸೆಮಿಸ್ಟರ್ ಪ್ರಯತ್ನಪಟ್ಟೂ ಆಗದಿದ್ದರೆ, ಹೋಗಬೇಕೆಂದಿರುವ ಕ್ಯಾಂಪಸ್ಸಿನ ಶಾಖೆಗೆ ಬರೆದು ಕೇಳಿ, ಆಮೇಲೆ ಅರ್ಜಿ ಹಾಕಿ. ಇಸ್ತಿಖಾರಾ ನಮಾಜ್ ಮಾಡುವವರು ಖಂಡಿತ ಮಾಡಲಿ, ಕ್ರೆಡಿಟ್ ಲೆಕ್ಕವನ್ನೂ ಪಕ್ಕದಲ್ಲಿ ಇಟ್ಟುಕೊಳ್ಳಲಿ.

ಬದಲಿಸುವುದೇ ಖಚಿತವಾದರೆ, ಹೊಸ ಸೀಟು ಕೈಗೆ ಬರುವವರೆಗೆ ಹಳೆಯದನ್ನು ಬಿಡಬೇಡಿ. ಪ್ರತಿ ವಿಷಯದ ಸಿಲಬಸ್ಸನ್ನು ಈಗಲೇ ಫೋನಿಗೋ ಡ್ರೈವಿಗೋ ಇಳಿಸಿಟ್ಟುಕೊಳ್ಳಿ. ಕ್ರೆಡಿಟ್ ತಕರಾರು ಬಂದಾಗ ಹೊಸ ಕಚೇರಿ ಕೇಳುವುದು ಅದನ್ನೇ, ಅಷ್ಟು ಹೊತ್ತಿಗೆ ಹಳೆಯ ಲಾಗಿನ್ ಮುಚ್ಚಿರಬಹುದು.