ಬೆಲೆ ಇಳಿದ ವಾದ್ಯ, ಉಳಿದುಹೋದ ಕೆಲಸ

ಸಂಗೀತ ವಾದ್ಯವೊಂದರ ಬೆಲೆಯೊಳಗೆ ತಯಾರಿಕೆಯ ವೆಚ್ಚ, ಸಾಗಣೆ, ಸುಂಕ, ತೆರಿಗೆ ಮತ್ತು ವ್ಯಾಪಾರಿಯ ಲಾಭದ ಜೊತೆಗೆ ಕಣ್ಣಿಗೆ ಕಾಣದ ಇನ್ನೊಂದು ಅಂಶವೂ ಸೇರಿರುತ್ತದೆ; ಅದು ಪೆಟ್ಟಿಗೆಯಿಂದ ಹೊರತೆಗೆದ ವಾದ್ಯವನ್ನು ಪರೀಕ್ಷಿಸಿ, ಶ್ರುತಿಗೂಡಿಸಿ, ಸಣ್ಣಪುಟ್ಟ ಕೊರತೆಗಳನ್ನು ಸರಿಪಡಿಸಿ, ನುಡಿಸುವ ಹದಕ್ಕೆ ತಂದು ಗ್ರಾಹಕನ ಕೈಗಿಡುವ ಕೆಲಸ. ಆಯುಧಪೂಜೆಗೋ ದೀಪಾವಳಿಗೋ ಶೇ 30ರ ರಿಯಾಯಿತಿ ಘೋಷಿಸುವ ಮಾರಾಟಗಾರ ಸುಂಕವನ್ನಾಗಲಿ ತೆರಿಗೆಯ ದರವನ್ನಾಗಲಿ ತಗ್ಗಿಸಲಾರ. ಆತ ತನ್ನ ಲಾಭದಲ್ಲಿ ಒಂದು ಪಾಲನ್ನು ಬಿಟ್ಟುಕೊಡಬೇಕು, ಹಳೆಯ ದಾಸ್ತಾನನ್ನು ಖಾಲಿ ಮಾಡಬೇಕು, ಇಲ್ಲವೆ ಹದಕ್ಕೆ ತರುವ ಆ ಕೆಲಸವನ್ನೇ ಕೈಬಿಡಬೇಕು. ಮೊದಲ ಎರಡು ಸಂದರ್ಭಗಳಲ್ಲಿ ಗ್ರಾಹಕನಿಗೆ ನಿಜವಾದ ಉಳಿತಾಯವಿದೆ. ಮೂರನೆಯದರಲ್ಲಿ ಖರ್ಚು ಕಡಿಮೆಯಾಗುವುದಿಲ್ಲ, ಅಂಗಡಿಯ ಲೆಕ್ಕದಿಂದ ಗ್ರಾಹಕನ ಲೆಕ್ಕಕ್ಕೆ ವರ್ಗವಾಗುತ್ತದೆ, ಅಷ್ಟೆ. ರಿಯಾಯಿತಿ ದರದಲ್ಲಿ ವಾದ್ಯ ಕೊಂಡವರಲ್ಲಿ ಕೆಲವರು ಸಂತೋಷಪಡುವುದಕ್ಕೂ ಕೆಲವರು ಪರಿತಪಿಸುವುದಕ್ಕೂ ಇರುವ ಕಾರಣವನ್ನು ಬಹುಮಟ್ಟಿಗೆ ಇಲ್ಲಿಯೇ ಹುಡುಕಬೇಕಾಗುತ್ತದೆ.

ಈ ಮಾತಿಗೆ ಗಿಟಾರ್ ಅತ್ಯಂತ ಸ್ಪಷ್ಟವಾದ ಉದಾಹರಣೆ. ಕಾರ್ಖಾನೆಯಿಂದ ಹೊರಟ ಗಿಟಾರ್ ಹಡಗಿನಲ್ಲಿ, ಗೋದಾಮಿನಲ್ಲಿ, ಲಾರಿಯಲ್ಲಿ ತಿಂಗಳುಗಟ್ಟಲೆ ಕಳೆದು ಅಂಗಡಿ ಸೇರುತ್ತದೆ. ಮರದ ವಾದ್ಯಕ್ಕೆ ಒಗ್ಗುವ ಗಾಳಿಯ ತೇವಾಂಶ ಸಾಮಾನ್ಯವಾಗಿ ಶೇ 45ರಿಂದ 55ರಷ್ಟಿರಬೇಕು. ಒಣಹವೆಯಲ್ಲಿ ಬೆರಳುಹಲಗೆಯ ಮರ ಕುಗ್ಗಿ, ಅದರಲ್ಲಿ ಕೂರಿಸಿದ ಲೋಹದ ಫ್ರೆಟ್‌ಗಳ ತುದಿಗಳು ಅಂಚಿನಿಂದ ಹೊರಚಾಚಿ ಅಂಗೈಗೆ ತರಚುತ್ತವೆ, ಕರಾವಳಿಯ ಮಳೆಗಾಲದಂಥ ತೇವದಲ್ಲಿ ಮೇಲ್ಹಲಗೆ ಉಬ್ಬಿ ತಂತಿಗಳು ಮೇಲಕ್ಕೇರುತ್ತವೆ. ಬೆರಳುಹಲಗೆಯಿಂದ ತಂತಿಗಿರುವ ಎತ್ತರವನ್ನು ವಾದಕರು ‘ಆ್ಯಕ್ಷನ್’ ಎನ್ನುತ್ತಾರೆ. ಹನ್ನೆರಡನೆಯ ಫ್ರೆಟ್‌ನ ಮೇಲೆ ಅಳೆದಾಗ ಉಕ್ಕಿನ ತಂತಿಯ ಗಿಟಾರ್‌ನಲ್ಲಿ ಇದು ಸುಮಾರು 2ರಿಂದ 2.5 ಮಿಲಿಮೀಟರ್ ಇದ್ದರೆ ಕಲಿಯುವವನ ಬೆರಳಿಗೆ ಹಿತ. 4 ಮಿಲಿಮೀಟರಿಗೆ ಏರಿದರೆ ತಂತಿಯನ್ನು ಒತ್ತಲು ಬೇಕಾಗುವ ಬಲವೂ ಹೆಚ್ಚುತ್ತದೆ, ಒತ್ತಿದಾಗ ತಂತಿ ಅಷ್ಟೂ ಹಿಗ್ಗುವುದರಿಂದ ಸ್ವರವೂ ತುಸು ಏರಿ ಅಪಸ್ವರವಾಗುತ್ತದೆ. ಎತ್ತರ ತೀರಾ ಕಡಿಮೆಯಾದರೆ ತಂತಿ ಮುಂದಿನ ಫ್ರೆಟ್‌ಗೆ ತಾಗಿ ಝರ್ರೆಂದು ಸದ್ದು ಮಾಡುತ್ತದೆ. ಇವೆರಡರ ನಡುವಿನ ಹದವನ್ನು ಹಿಡಿಯಲು ವಾದ್ಯದ ಕತ್ತಿನೊಳಗೆ ಅಡಗಿರುವ ‘ಟ್ರಸ್ ರಾಡ್’ ಎಂಬ ಉಕ್ಕಿನ ಸರಳನ್ನು ಅಲೆನ್ ಕೀಲಿಯಿಂದ ಕಾಲು ಸುತ್ತು, ಅರೆ ಸುತ್ತು ತಿರುಗಿಸಿ ಕತ್ತಿನ ಬಾಗನ್ನು ಸರಿಪಡಿಸಬೇಕು. ತಂತಿಗಳು ಹಾದುಹೋಗುವ ಮೇಲ್ತುದಿಯ ‘ನಟ್’ ಎಂಬ ಪಟ್ಟಿಯ ಸೀಳುಗಳನ್ನು ಸಣ್ಣ ಅರದಿಂದ ಉಜ್ಜಬೇಕು. ಕೆಳಗಿನ ಸ್ಯಾಡಲ್‌ನ ಎಲುಬಿನ ಇಲ್ಲವೆ ಪ್ಲಾಸ್ಟಿಕ್ಕಿನ ಪಟ್ಟಿಯನ್ನು ತಳದಲ್ಲಿ ಸವೆಸಬೇಕು. ಇಷ್ಟನ್ನೂ ಸೇರಿಸಿ ಅಂಗಡಿಗಳಲ್ಲಿ ‘ಸೆಟಪ್’ ಎಂದು ಕರೆಯುತ್ತಾರೆ. ಕೈ ಪಳಗಿದವರಿಗೂ ಸಮಯ ಹಿಡಿಯುವ ಈ ಕೆಲಸ, ತೀರಾ ಇಳಿಸಿದ ಬೆಲೆಯಲ್ಲಿ ಮಾರುವಾಗ ಮೊಟ್ಟಮೊದಲು ಬಿಟ್ಟುಹೋಗುವ ಕೆಲಸವೂ ಹೌದು.

ಇದರ ಪರಿಣಾಮವನ್ನು ಹಣದ ಲೆಕ್ಕದಲ್ಲಿ ಮಾತ್ರ ಅಳೆಯುವುದು ಸರಿಯಲ್ಲ. ಮೊದಲ ಬಾರಿಗೆ ವಾದ್ಯ ಹಿಡಿದ ಹದಿಮೂರು ಹದಿನಾಲ್ಕರ ಹುಡುಗಿಗೆ ಬೆರಳು ನೋಯುತ್ತಿರುವುದು ವಾದ್ಯದ ದೋಷದಿಂದಲೋ ತನ್ನ ಅಸಾಮರ್ಥ್ಯದಿಂದಲೋ ಎಂಬುದನ್ನು ತಿಳಿಯುವ ದಾರಿಯಿರುವುದಿಲ್ಲ. ಹೋಲಿಸಿ ನೋಡಲು ಮನೆಯಲ್ಲಿ ಇನ್ನೊಂದು ವಾದ್ಯವಿಲ್ಲ. ಎರಡು ತಿಂಗಳ ಅನಂತರ ಆ ಗಿಟಾರ್ ಅಟ್ಟ ಸೇರಿದಾಗ ‘ಮಗಳಿಗೆ ಸಂಗೀತ ಒಲಿಯಲಿಲ್ಲ’ ಎಂಬ ತೀರ್ಮಾನಕ್ಕೆ ಮನೆಯವರು ಬರುತ್ತಾರೆ. ಅಗ್ಗದ ವಾದ್ಯದಿಂದ ಆಗುವ ನಷ್ಟಗಳಲ್ಲಿ ಇದಕ್ಕಿಂತ ದೊಡ್ಡದು ಇರಲಾರದು, ಮತ್ತು ಇದು ಯಾವ ದೂರಿನ ಪುಸ್ತಕದಲ್ಲಿಯೂ ದಾಖಲಾಗುವುದಿಲ್ಲ.

ರಿಯಾಯಿತಿಯೆಲ್ಲವನ್ನೂ ಸಂಶಯದಿಂದ ನೋಡಬೇಕೆಂದು ಇದರ ಅರ್ಥವಲ್ಲ. ಜರ್ಮನಿಯ ಬವೇರಿಯಾದ ಟ್ರೆಪೆನ್‌ಡಾರ್ಫ್ ಎಂಬ ಹಳ್ಳಿಯಲ್ಲಿ 1954ರಲ್ಲಿ ಆರಂಭವಾಗಿ ಇಂದು ಯುರೋಪಿನ ಅತಿ ದೊಡ್ಡ ವಾದ್ಯ ಮಾರಾಟ ಸಂಸ್ಥೆಗಳಲ್ಲೊಂದಾಗಿರುವ ಥೋಮನ್, ಕೊಂಡ ಸರಕನ್ನು 30 ದಿನಗಳೊಳಗೆ ಹಿಂದಿರುಗಿಸುವ ಅವಕಾಶವನ್ನೂ ಮೂರು ವರ್ಷಗಳ ವಾರಂಟಿಯನ್ನೂ ಕೊಡುತ್ತದೆ. ಹಾಗೆ ಹಿಂದಿರುಗಿ ಬಂದ, ಪೆಟ್ಟಿಗೆ ತೆರೆದ, ಪ್ರದರ್ಶನಕ್ಕಿಟ್ಟ ವಾದ್ಯಗಳನ್ನು ‘ಬಿ-ಸ್ಟಾಕ್’ ಎಂಬ ಹೆಸರಿನಲ್ಲಿ ಕಡಿಮೆ ಬೆಲೆಗೆ ಮಾರುವ ಪದ್ಧತಿ ಅಲ್ಲಿ ರೂಢಿಯಲ್ಲಿದೆ. ಇಲ್ಲಿ ಬೆಲೆ ಏಕೆ ಇಳಿದಿದೆ ಎಂಬುದನ್ನು ಮಾರುವವನು ಮೊದಲೇ ಹೇಳಿರುತ್ತಾನೆ, ಕೊಳ್ಳುವವನು ತಿಳಿದೇ ಕೊಳ್ಳುತ್ತಾನೆ. ಮೆರುಗಿನ ಮೇಲಿನ ಒಂದು ಗೀರಿನಿಂದ ನಾದಕ್ಕೆ ಏನೂ ಕೊರತೆಯಾಗದು. ಇಂಥ ವ್ಯಾಪಾರ ಸಾಧ್ಯವಾಗಿರುವುದಕ್ಕೆ ಕಾನೂನಿನ ಬೆಂಬಲವೂ ಇದೆ. ಐರೋಪ್ಯ ಒಕ್ಕೂಟದಲ್ಲಿ ಅಂತರ್ಜಾಲದ ಮೂಲಕ ಕೊಂಡ ಸರಕನ್ನು ಯಾವ ಕಾರಣವನ್ನೂ ಕೊಡದೆ 14 ದಿನಗಳೊಳಗೆ ಹಿಂದಿರುಗಿಸುವ ಹಕ್ಕು ಗ್ರಾಹಕನಿಗಿದೆ. 2022ರ ಮೇ 28ರಿಂದ ಅನ್ವಯವಾದ ನಿಯಮದ ಪ್ರಕಾರ, ರಿಯಾಯಿತಿ ಘೋಷಿಸುವ ವ್ಯಾಪಾರಿ ಹೋಲಿಕೆಗೆ ತೋರಿಸುವ ಹಳೆಯ ಬೆಲೆ ಹಿಂದಿನ 30 ದಿನಗಳಲ್ಲಿ ಇದ್ದ ಅತಿ ಕಡಿಮೆ ಬೆಲೆಯೇ ಆಗಿರಬೇಕು. ಹಬ್ಬದ ಹಿಂದಿನ ವಾರ ಬೆಲೆಯೇರಿಸಿ ಹಬ್ಬದ ದಿನ ಇಳಿಸುವ ಚಾಳಿಗೆ ಹಾಕಿದ ಕಡಿವಾಣವಿದು.

ಆದರೆ ಅದೇ ಯುರೋಪಿನಲ್ಲಿ ಗ್ರಾಹಕರಿಗೆ ನ್ಯಾಯವಾಗಿ ಸಿಗಬೇಕಿದ್ದ ರಿಯಾಯಿತಿಯನ್ನು ವರ್ಷಗಳ ಕಾಲ ತಡೆಹಿಡಿದ ಪ್ರಕರಣಗಳೂ ಬಯಲಾಗಿವೆ. ಬ್ರಿಟನ್ನಿನ ಸ್ಪರ್ಧೆ ಮತ್ತು ಮಾರುಕಟ್ಟೆಗಳ ಪ್ರಾಧಿಕಾರವು 2019ರಲ್ಲಿ ಕ್ಯಾಸಿಯೊ ಸಂಸ್ಥೆಯ ಬ್ರಿಟಿಷ್ ಶಾಖೆಗೆ 37 ಲಕ್ಷ ಪೌಂಡ್ ದಂಡ ವಿಧಿಸಿತು. ಡಿಜಿಟಲ್ ಪಿಯಾನೊ ಮತ್ತು ಕೀಬೋರ್ಡ್‌ಗಳನ್ನು ಇಷ್ಟಕ್ಕಿಂತ ಕಡಿಮೆ ಬೆಲೆಗೆ ಅಂತರ್ಜಾಲದಲ್ಲಿ ಮಾರಕೂಡದೆಂದು 2013ರಿಂದ 2018ರವರೆಗೆ ಅದು ಅಂಗಡಿಗಳ ಮೇಲೆ ಒತ್ತಡ ಹೇರಿತ್ತು. 2020ರ ಜನವರಿಯಲ್ಲಿ ಇದೇ ಬಗೆಯ ತಪ್ಪಿಗೆ ಗಿಟಾರ್ ತಯಾರಕ ಫೆಂಡರ್‌ನ ಯುರೋಪ್ ಶಾಖೆ 45 ಲಕ್ಷ ಪೌಂಡ್ ತೆರಬೇಕಾಯಿತು. ತನಿಖೆಯ ವೇಳೆ ಟಿಪ್ಪಣಿ ಪುಸ್ತಕಗಳನ್ನು ಮರೆಮಾಚಿದ್ದಕ್ಕಾಗಿ ಅದಕ್ಕೆ ಹಿಂದಿನ ವರ್ಷವೇ ಪ್ರತ್ಯೇಕವಾಗಿ 25,000 ಪೌಂಡ್ ದಂಡ ಬಿದ್ದಿತ್ತು. ಅನಂತರ ರೋಲಾಂಡ್, ಕಾರ್ಗ್ ಸಂಸ್ಥೆಗಳ ಸರದಿ ಬಂತು. ಯಮಹಾ ತಾನಾಗಿಯೇ ಮುಂದೆ ಬಂದು ವಿಷಯ ತಿಳಿಸಿದ್ದರಿಂದ ದಂಡದಿಂದ ಪಾರಾಯಿತಾದರೂ, ಅದರೊಡನೆ ಒಪ್ಪಂದ ಮಾಡಿಕೊಂಡಿದ್ದ ಜಿಎಕೆ ಎಂಬ ಮಾರಾಟ ಸಂಸ್ಥೆ ದಂಡ ಕಟ್ಟಿತು. ಜರ್ಮನಿಯಲ್ಲಿ ಸ್ಪರ್ಧಾ ಪ್ರಾಧಿಕಾರವು 2021ರಲ್ಲಿ ವಾದ್ಯ ತಯಾರಕರು ಮತ್ತು ಮಾರಾಟಗಾರರಿಗೆ ಒಟ್ಟು ಸುಮಾರು 2.1 ಕೋಟಿ ಯೂರೊ ದಂಡ ಹಾಕಿದಾಗ, ಆ ಪಟ್ಟಿಯಲ್ಲಿ ಥೋಮನ್ ಕೂಡ ಇತ್ತು.

ತಯಾರಕನು ತನ್ನ ಸರಕನ್ನು ಕೊಂಡ ವ್ಯಾಪಾರಿ ಅದನ್ನು ಮತ್ತೆ ಎಷ್ಟು ಬೆಲೆಗೆ ಮಾರಬೇಕೆಂದು ಕಟ್ಟುಪಾಡು ಹಾಕುವುದನ್ನು ಮರುಮಾರಾಟ ಬೆಲೆ ನಿಯಂತ್ರಣ ಎನ್ನುತ್ತಾರೆ. ಬ್ರಿಟನ್ನಿನ ತನಿಖೆಯಿಂದ ತಿಳಿದಂತೆ, ಅಂತರ್ಜಾಲದಲ್ಲಿ ಬೆಲೆಗಳನ್ನು ಸದಾ ಗಮನಿಸುವ ತಂತ್ರಾಂಶಗಳು ಈ ಕಟ್ಟುಪಾಡಿಗೆ ಕಾವಲುಗಾರನಂತೆ ಕೆಲಸ ಮಾಡಿದವು: ಒಂದು ಅಂಗಡಿ ಬೆಲೆ ಇಳಿಸಿದೊಡನೆ ತಯಾರಕನಿಗೆ ಸುದ್ದಿ ಮುಟ್ಟುತ್ತಿತ್ತು. ಇದನ್ನು ಸಮರ್ಥಿಸುವವರ ವಾದವನ್ನು ತಳ್ಳಿಹಾಕುವಂತಿಲ್ಲ. ಗ್ರಾಹಕನು ನೆರೆಯ ಅಂಗಡಿಗೆ ಹೋಗಿ ಹತ್ತು ವಾದ್ಯಗಳನ್ನು ನುಡಿಸಿ ನೋಡಿ, ಅಂಗಡಿಯವನಿಂದ ಒಂದು ಗಂಟೆ ಸಲಹೆ ಪಡೆದು, ಕೊನೆಗೆ ಮನೆಗೆ ಬಂದು ಅಂತರ್ಜಾಲದಲ್ಲಿ ಅಗ್ಗದ ದರಕ್ಕೆ ಕೊಂಡರೆ, ಸೇವೆ ಕೊಡುವ ಅಂಗಡಿ ಬಾಳಲಾರದು. ಆದ್ದರಿಂದ ಬೆಲೆಗೆ ಒಂದು ನೆಲೆಗಟ್ಟು ಬೇಕು ಎಂಬುದು ಆ ವಾದ. ಅಮೆರಿಕದ ಸುಪ್ರೀಂ ಕೋರ್ಟ್ 2007ರಲ್ಲಿ ಲೀಜಿನ್ ಎಂಬ ಚರ್ಮೋದ್ಯಮ ಸಂಸ್ಥೆಯ ಪ್ರಕರಣದಲ್ಲಿ ಇಂಥ ಕಟ್ಟುಪಾಡು ತಾನೇ ತಾನಾಗಿ ಅಪರಾಧವಲ್ಲ, ಪ್ರತಿ ಪ್ರಕರಣದಲ್ಲಿಯೂ ಅದರ ಸಾಧಕ ಬಾಧಕಗಳನ್ನು ತೂಗಿ ನೋಡಬೇಕು ಎಂದು ಹೇಳಿದ್ದು ಈ ಬಗೆಯ ತರ್ಕವನ್ನು ಆಧರಿಸಿಯೇ. ಆದರೂ ಇದರಲ್ಲಿ ಒಂದು ದೊಡ್ಡ ಲೋಪವಿದೆ. ಬೆಲೆಯನ್ನು ಕಟ್ಟಿಹಾಕಿದ ಮಾತ್ರಕ್ಕೆ ಅಂಗಡಿಯವನು ಸೆಟಪ್ ಮಾಡಿಕೊಡುತ್ತಾನೆಂಬ ಖಾತರಿಯೇನೂ ಇಲ್ಲ. ಗ್ರಾಹಕ ಹೆಚ್ಚಿನ ಬೆಲೆಯನ್ನೂ ತೆತ್ತು, ಹದಗೆಟ್ಟ ವಾದ್ಯವನ್ನೂ ಪಡೆಯಬಹುದು.

ಭಾರತದಲ್ಲಿಯೂ 2002ರ ಸ್ಪರ್ಧಾ ಕಾಯ್ದೆಯ 3ನೇ ಪ್ರಕರಣ ಮರುಮಾರಾಟ ಬೆಲೆ ನಿಯಂತ್ರಣವನ್ನು ಹೆಸರಿಸಿಯೇ ಉಲ್ಲೇಖಿಸುತ್ತದೆ. ಡೀಲರುಗಳು ಗ್ರಾಹಕರಿಗೆ ಹೆಚ್ಚುವರಿ ರಿಯಾಯಿತಿ ಕೊಡದಂತೆ ತಡೆದದ್ದಕ್ಕಾಗಿ ಸ್ಪರ್ಧಾ ಆಯೋಗವು 2021ರಲ್ಲಿ ಮಾರುತಿ ಸುಜುಕಿಗೆ 200 ಕೋಟಿ ರೂಪಾಯಿ ದಂಡ ವಿಧಿಸಿದ್ದು ಈ ಕಾಯ್ದೆಯಡಿಯಲ್ಲೇ. ಆದರೆ ನಮ್ಮ ವಾದ್ಯದಂಗಡಿಗಳಲ್ಲಿ ಗ್ರಾಹಕನನ್ನು ದಿನನಿತ್ಯ ಕಾಡುವ ಸಮಸ್ಯೆ ಬೇರೆಯದು. ಅದು ಎಂಆರ್‌ಪಿಗೆ, ಅಂದರೆ ಪೊಟ್ಟಣದ ಮೇಲೆ ಅಚ್ಚಾದ ಗರಿಷ್ಠ ಮಾರಾಟ ಬೆಲೆಗೆ ಸಂಬಂಧಿಸಿದ್ದು. ಎಲ್ಲ ತೆರಿಗೆಗಳೂ ಸೇರಿದ ಈ ಬೆಲೆಯನ್ನು ನಿಗದಿ ಮಾಡುವವನು ತಯಾರಕ ಇಲ್ಲವೆ ಆಮದುದಾರ. ಅದಕ್ಕಿಂತ ಹೆಚ್ಚಿಗೆ ಮಾರುವಂತಿಲ್ಲವೆಂಬುದು ನಿಯಮ, ಆದರೆ ಅದು ನಿಜಬೆಲೆಗೆ ಹತ್ತಿರವಿರಬೇಕೆಂಬ ನಿಯಮವಿಲ್ಲ. ಯಾವ ಅಂಗಡಿಯೂ ಎಂಆರ್‌ಪಿಗೆ ಮಾರದ ವಾದ್ಯದ ಮೇಲೆ ಶೇ 40 ರಿಯಾಯಿತಿ ಎಂದರೆ ಅದು ಮಾಮೂಲಿ ಬೆಲೆಯೇ ಹೊರತು ರಿಯಾಯಿತಿಯಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯು ಸರಕಿನ ವಾಡಿಕೆಯ ಬೆಲೆಯ ಬಗ್ಗೆ ಜನರನ್ನು ತಪ್ಪುದಾರಿಗೆಳೆಯುವುದನ್ನು ಅನುಚಿತ ವ್ಯಾಪಾರ ಪದ್ಧತಿ ಎಂದು ಪರಿಗಣಿಸುತ್ತದೆಯಾದರೂ, ಯುರೋಪಿನ 30 ದಿನಗಳ ಅಳತೆಗೋಲಿನಂಥ ಖಚಿತ ನಿಯಮವೊಂದು ಇಲ್ಲಿಗೂ ಬರುವುದು ಅವಶ್ಯಕ. ಅಲ್ಲಿಯವರೆಗೆ ರಿಯಾಯಿತಿಯ ಶೇಕಡಾವಾರನ್ನು ಬಿಟ್ಟು, ಅದೇ ಮಾದರಿಗೆ ಮೂರು ನಾಲ್ಕು ಅಂಗಡಿಗಳು ಕೈಯಾರೆ ಬರೆದುಕೊಡುವ ಬೆಲೆಗಳನ್ನು ಹೋಲಿಸುವುದೊಂದೇ ಗ್ರಾಹಕನಿಗಿರುವ ದಾರಿ.

ಕೀಬೋರ್ಡ್‌ಗಳ ವಿಷಯದಲ್ಲಿ ತೊಂದರೆ ಕಡಿಮೆ. ಪ್ಲಾಸ್ಟಿಕ್ ಮತ್ತು ವಿದ್ಯುನ್ಮಾನ ಭಾಗಗಳಿಂದಾದ ವಾದ್ಯಕ್ಕೆ ಮರದ ಚಂಚಲತೆಯಿಲ್ಲ. ಒಂದೇ ಮಾದರಿಯ ಎರಡು ಪೆಟ್ಟಿಗೆಗಳು ಬಹುತೇಕ ಒಂದೇ ತೆರನಾಗಿರುತ್ತವೆ, ಆದ್ದರಿಂದ ಇಲ್ಲಿ ಅಗ್ಗದ ಬೆಲೆ ಸಾಮಾನ್ಯವಾಗಿ ನಿಜವಾದ ಉಳಿತಾಯವೇ ಹೌದು. ನೋಡಬೇಕಾದ್ದು ಮುಖ್ಯವಾಗಿ ಎರಡು: ಒತ್ತಿದ ಬಲಕ್ಕೆ ತಕ್ಕಂತೆ ದನಿ ಏರಿಳಿಯುವ ಗುಣ ಕೀಲಿಗಳಿಗಿದೆಯೇ ಎಂಬುದು ಒಂದು, ವಾರಂಟಿ ಕಾರ್ಡಿನಲ್ಲಿ ಅಧಿಕೃತ ಡೀಲರನ ಮೊಹರಿದೆಯೇ ಎಂಬುದು ಇನ್ನೊಂದು. ತೀರಾ ಅಗ್ಗವಾಗಿ ಸಿಗುವ ಅನಧಿಕೃತ ಆಮದಿನ ವಾದ್ಯವನ್ನು ಸರ್ವಿಸ್ ಸೆಂಟರಿನವರು ಮುಟ್ಟದಿರಬಹುದು.

ಕೈಯಿಂದ ತಯಾರಾಗುವ ನಮ್ಮ ವಾದ್ಯಗಳ ಮಾರುಕಟ್ಟೆ ಇದಕ್ಕೆ ಪೂರ್ತಿ ಭಿನ್ನ. ಮಹಾರಾಷ್ಟ್ರದ ಮೀರಜಿನ ತಂಬೂರಿ ಹುಬ್ಬಳ್ಳಿ–ಧಾರವಾಡದ ಹಿಂದೂಸ್ತಾನಿ ಗಾಯಕರ ಮನೆಮನೆಗಳಲ್ಲಿದೆ. ಅಲ್ಲಿ ಎಂಆರ್‌ಪಿಯೂ ಇಲ್ಲ, ಹಬ್ಬದ ಆಫರೂ ಇಲ್ಲ, ಚೌಕಾಸಿ ಮಾತ್ರ ಉಂಟು. ತಂಬೂರಿಯ ನಾದದ ಜೀವವಿರುವುದು ಅದರ ಕುದುರೆಯ, ಅಂದರೆ ತಂತಿಗಳನ್ನು ಹೊರುವ ಅಗಲವಾದ ಸೇತುವೆಯ ಮೇಲ್ಮೈಯಲ್ಲಿ. ಕಣ್ಣಿಗೆ ಸಪಾಟಾಗಿ ಕಾಣುವ ಆ ಮೇಲ್ಮೈಗೆ ವಾಸ್ತವವಾಗಿ ಅತಿ ಸೂಕ್ಷ್ಮವಾದ ಇಳಿಜಾರಿದೆ. ಕುಶಲಕರ್ಮಿ ಅದನ್ನು ಅರದಿಂದ ಒಂದೆರಡು ಬಾರಿ ತೀಡುತ್ತಾನೆ, ತಂತಿ ಮೀಟಿ ಕಿವಿಗೊಡುತ್ತಾನೆ, ಮತ್ತೆ ತೀಡುತ್ತಾನೆ. ಕೊನೆಗೆ ತಂತಿಯ ಅಡಿಗೆ ಹತ್ತಿಯ ನೂಲಿನ ಎಳೆಯೊಂದನ್ನು ಇರಿಸಿ, ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸಿದಾಗ ಗುಂಯ್‌ಗುಡುವ, ಒಳಸ್ವರಗಳು ತೆರೆದುಕೊಳ್ಳುವ ನಾದ ಹೊಮ್ಮುತ್ತದೆ. ಕುದುರೆಯ ಈ ಕೆಲಸಕ್ಕೆ ಜವಾರಿ ಎಂದು ಹೆಸರು, ನೂಲಿನ ಎಳೆಗೆ ಜೀವಾಳವೆಂದು. ತಂತಿಯ ಸವೆತದಿಂದ ಕುದುರೆಯಲ್ಲಿ ಗೆರೆಗಳು ಬಿದ್ದ ಹಾಗೆಲ್ಲ ಈ ಕೆಲಸವನ್ನು ಮತ್ತೆ ಮಾಡಿಸಬೇಕು. ವೀಣೆಯ ಮೇಳವೂ ಹಾಗೆಯೇ: ಮೇಣದ ಮೇಲೆ ಕೂರಿಸಿದ 24 ಮೆಟ್ಟಿಲುಗಳು ಕಾಲ ಕಳೆದಂತೆ ಸ್ಥಾನ ತಪ್ಪುತ್ತವೆ, ಅವನ್ನು ಕಿತ್ತು ಮೇಳ ಕಟ್ಟಿಸಬೇಕಾಗುತ್ತದೆ. ಮೃದಂಗದ ಮುಚ್ಚಿಗೆಗಳನ್ನು ಬದಲಿಸುವುದು ಇನ್ನೂ ಬೇಗ ಎದುರಾಗುವ ಖರ್ಚು. ಹೀಗಾಗಿ ಇಂಥ ವಾದ್ಯ ಕೊಳ್ಳುವಾಗ ಎರಡು ಮೂರು ಸಾವಿರ ಉಳಿಸಿದ್ದಕ್ಕಿಂತ, ಮಾಡಿದ ಕೈಯೊಂದಿಗೆ ಸಂಬಂಧ ಉಳಿಸಿಕೊಂಡದ್ದು ಹೆಚ್ಚಿನ ಲಾಭ. ಅತಿಯಾಗಿ ಚೌಕಾಸಿ ಮಾಡಿದಾಗ ಕುಶಲಕರ್ಮಿ ಕಡಿತ ಮಾಡಬಹುದಾದದ್ದು ಮರವನ್ನಲ್ಲ, ಸೋರೆಬುರುಡೆಯನ್ನಲ್ಲ, ಕಿವಿಗೊಟ್ಟು ತೀಡುವ ಆ ಕೊನೆಯ ಸಮಯವನ್ನು. ಸಂಗೀತ ಬಲ್ಲ ಮನೆಗಳವರೇ ಇದನ್ನು ಮರೆತು ಬೆಲೆ ಜಗ್ಗುವುದು ದುಃಖದ ಸಂಗತಿ.

ದೋಷವಿರುವ ವಾದ್ಯ ಕೈಸೇರಿದಾಗ ಗ್ರಾಹಕ ಅಸಹಾಯಕನೇನಲ್ಲ. ‘ಒಮ್ಮೆ ಮಾರಿದ ಸರಕನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ’ ಎಂದು ರಸೀದಿಯ ಅಡಿಯಲ್ಲಿ ಅಚ್ಚು ಹಾಕಿಸಿದ ಮಾತ್ರಕ್ಕೆ ಮಾರಾಟಗಾರನ ಹೊಣೆ ತಪ್ಪುವುದಿಲ್ಲ. 2019ರ ಕಾಯ್ದೆಯ ಪ್ರಕಾರ ದೋಷಯುಕ್ತ ಸರಕನ್ನು ರಸೀದಿಯಲ್ಲಿ ನಮೂದಿಸಿದ ಅವಧಿಯೊಳಗೆ, ಅವಧಿ ನಮೂದಾಗಿಲ್ಲದಿದ್ದರೆ 30 ದಿನಗಳೊಳಗೆ, ಹಿಂಪಡೆದು ಹಣ ಮರಳಿಸಲು ನಿರಾಕರಿಸುವುದು ಅನುಚಿತ ವ್ಯಾಪಾರ ಪದ್ಧತಿ. ರಸೀದಿ ಕೊಡದಿರುವುದೂ ಅಂಥದ್ದೇ ತಪ್ಪು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಅಲ್ಲಿ ಬಗೆಹರಿಯದಿದ್ದರೆ ಗ್ರಾಹಕನು ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಸಲ್ಲಿಸಬಹುದು, ಐದು ಲಕ್ಷ ರೂಪಾಯಿವರೆಗಿನ ಸರಕಿಗೆ ಶುಲ್ಕವಿಲ್ಲ. ಆದರೆ ವಾದ್ಯದ ದೋಷವನ್ನು ಸಾಬೀತುಪಡಿಸುವುದು ಒಡೆದ ಗಾಜಿನ ದೋಷವನ್ನು ತೋರಿಸಿದಷ್ಟು ಸುಲಭವಲ್ಲ. ಹದ ತಪ್ಪಿದೆಯೋ ಇಲ್ಲವೋ ಎಂಬುದೇ ವಾದಕ್ಕೆ ಎಡೆಮಾಡಿಕೊಡುತ್ತದೆ. ಪೆಟ್ಟಿಗೆ ತೆರೆಯುವಾಗಲೇ ಚಿತ್ರೀಕರಿಸಿಕೊಂಡು, ಮೊದಲ ವಾರದಲ್ಲೇ ಸಂಗೀತದ ಮೇಷ್ಟರೊಬ್ಬರಿಗೆ ತೋರಿಸಿ, ಕಂಡ ದೋಷವನ್ನು ಲಿಖಿತವಾಗಿ ಅಂಗಡಿಗೆ ತಿಳಿಸಿದವರ ದೂರಿಗೆ ಬಲವಿರುತ್ತದೆ. ಮಾರಾಟಗಾರರು ತಾವಾಗಿಯೇ ರಸೀದಿಯಲ್ಲಿ ಇನ್ನೊಂದು ಸಾಲನ್ನು ಸೇರಿಸುವ ರೂಢಿ ಹಾಕಿಕೊಳ್ಳಬೇಕಿದೆ: ಈ ಬೆಲೆಯಲ್ಲಿ ಸೆಟಪ್ ಸೇರಿದೆ ಅಥವಾ ಸೇರಿಲ್ಲ, ಸೇರಿಲ್ಲದಿದ್ದರೆ ಅದನ್ನು ಮಾಡಿಸಲು ತಗಲುವ ದರ ಇಷ್ಟು. ಗಿರವಿ ಇಟ್ಟೋ ಕಂತು ಕಟ್ಟಿಯೋ ಮಗುವಿಗೆ ಮೊದಲ ವಾದ್ಯ ಕೊಡಿಸುವ ತಂದೆತಾಯಿ ಎರಡು ಅಂಗಡಿಗಳ ಬೆಲೆಯನ್ನು ಸರಿಯಾಗಿ ಹೋಲಿಸಲು ಆ ಸಾಲು ಸಾಕು.