ಕೇಳಿದ್ದು ಸಂಬಳ ಮಾತ್ರವಲ್ಲ

ಶಿಕ್ಷಕರು ಮುಷ್ಕರ ಹೂಡಿದರೆ ‘ಸಂಬಳಕ್ಕಾಗಿ’ ಎಂದು ನಾವು ಥಟ್ಟನೆ ಹೇಳಿ ಬಿಡುತ್ತೇವೆ. ಅಮೇರಿಕದ ಒಕ್ಲಹೋಮ ರಾಜ್ಯದ ಸಂಗತಿ ಕೇಳಿ.

2008ರ ನಂತರ ಅಲ್ಲಿ ಶಾಲೆಗಳ ಅನುದಾನ ಕಡಿತವಾಗುತ್ತಲೇ ಬಂತು. ಮಕ್ಕಳ ಕೈಯಲ್ಲಿ ಹಾಳೆ ಕಿತ್ತುಹೋದ ಪುಸ್ತಕಗಳು. ಅನೇಕ ಶಾಲೆಗಳು ವಾರಕ್ಕೆ ನಾಲ್ಕೇ ದಿನ ತೆರೆಯುತ್ತಿದ್ದವು. (ಐದನೆಯ ದಿನ ದುಡಿಯುವ ತಾಯಿ ಮಗುವನ್ನು ಯಾರ ಬಳಿ ಬಿಡಬೇಕು?)

2018ರ ಮಾರ್ಚ್‌ನಲ್ಲಿ ಸರಕಾರ ಶಿಕ್ಷಕರ ವಾರ್ಷಿಕ ಸಂಬಳವನ್ನು ಸರಾಸರಿ 6,100 ಡಾಲರ್ ಹೆಚ್ಚಿಸಿತು. ಆದರೂ ಏಪ್ರಿಲ್ 2ರಂದು ಅವರು ಬೀದಿಗಿಳಿದರು. ತರಗತಿಗೂ ಹಣ ಕೊಡಿ ಎಂದರು. ಏಪ್ರಿಲ್ 12ರಂದು ಅವರ ಸಂಘವೇ ಮುಷ್ಕರ ಮುಗಿಯಿತೆಂದು ಘೋಷಿಸಿತು. ಸೆನೆಟ್ ಇನ್ನು ಜಗ್ಗುವುದಿಲ್ಲ ಎಂಬುದು ಅದರ ವಾದ. ವಾದದಲ್ಲಿ ಹುರುಳಿರಬಹುದು. ಆದರೆ ಮೂರು ವರ್ಷಗಳಲ್ಲಿ ಶಾಲೆಗಳಿಗೆ 20 ಕೋಟಿ ಡಾಲರ್ ಬೇಕೆಂದು ಕೇಳಿದ್ದೂ ಅದೇ ಸಂಘವಲ್ಲವೇ? ನಮ್ಮವರೇ ಕೈಬಿಟ್ಟರೆಂದು ಅನೇಕ ಶಿಕ್ಷಕರು ನೊಂದರು. ಕೆಲವರು ಅದೇ ನವೆಂಬರ್‌ನ ಚುನಾವಣೆಗೆ ತಾವೇ ನಿಂತರು.