ಗಾಳಿಯಿಂದ ತಂಪಾಗುವ ಚಿಲ್ಲರ್: ಕೊಳ್ಳುವ ಬೆಲೆಗಿಂತ ನಡೆಸುವ ವೆಚ್ಚ ದೊಡ್ಡದು

ಕೈಗಾರಿಕೆಗೆ ತಂಪು ನೀರಿನ ಅಗತ್ಯ ಶಿವಮೊಗ್ಗ–ಭದ್ರಾವತಿಗೆ ಹೊಸದಲ್ಲ. 1923ರಲ್ಲಿ ಉತ್ಪಾದನೆ ಆರಂಭಿಸಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಭದ್ರಾ ನದಿಯ ಆಸರೆಯಿತ್ತು. ನದಿ ನೀರು ದೊರೆಯದ ಇಂದಿನ ಸಣ್ಣ ಘಟಕಗಳು ಪ್ಲಾಸ್ಟಿಕ್ ಅಚ್ಚುಗಳನ್ನು ತಣಿಸಲು, ಆಹಾರ ಪದಾರ್ಥಗಳನ್ನು ಕೆಡದಂತೆ ಕಾಪಾಡಲು ಚಿಲ್ಲರ್ ಯಂತ್ರವನ್ನು ಅವಲಂಬಿಸುತ್ತವೆ. ಹಳ್ಳಿಯ ಹಾಲು ಶೀತಲೀಕರಣ ಘಟಕಗಳಲ್ಲಿ ಹಾಲನ್ನು 4 ಡಿಗ್ರಿಗೆ ಇಳಿಸುವುದೂ ಇದೇ ತತ್ತ್ವದಿಂದ.

ಶಾಖದ ಜಮಾ–ಖರ್ಚು

ಚಿಲ್ಲರ್ ತಂಪನ್ನು ಸೃಷ್ಟಿಸುವುದಿಲ್ಲ; ನೀರಿನಲ್ಲಿರುವ ಶಾಖವನ್ನು ತೆಗೆದು ಹೊರಗೆ ಸಾಗಿಸುತ್ತದೆ. ಇವಾಪರೇಟರಿನಲ್ಲಿ ಶೀತಕ ದ್ರವವು ಕಡಿಮೆ ಒತ್ತಡದಲ್ಲಿ ಕುದಿದು, ನೀರಿನ ಶಾಖವನ್ನು ಹೀರಿಕೊಂಡು ಅನಿಲವಾಗುತ್ತದೆ. ಕಂಪ್ರೆಸರ್ ಆ ಅನಿಲವನ್ನು ಒತ್ತಿ ಅದರ ಒತ್ತಡವನ್ನೂ ಉಷ್ಣತೆಯನ್ನೂ ಏರಿಸುತ್ತದೆ. ಕಂಡೆನ್ಸರಿನಲ್ಲಿ ಫ್ಯಾನುಗಳು ಬೀಸುವ ಗಾಳಿಗೆ ಶಾಖವನ್ನು ಬಿಟ್ಟು ಅನಿಲವು ಮತ್ತೆ ದ್ರವವಾಗುತ್ತದೆ. ಎಕ್ಸ್‌ಪಾನ್ಷನ್ ವಾಲ್ವ್ ದಾಟಿದೊಡನೆ ಒತ್ತಡ ಕುಸಿದು, ಶೀತಕವು ತಣ್ಣಗಾಗಿ ಇವಾಪರೇಟರಿಗೆ ಮರಳುತ್ತದೆ. ನೀರಿನಿಂದ ತೆಗೆದ ಶಾಖಕ್ಕೆ ಕಂಪ್ರೆಸರ್ ಬಳಸಿದ ವಿದ್ಯುತ್ತನ್ನು ಕೂಡಿಸಿದರೆ, ಹೊರಗಾಳಿಗೆ ಬಿಟ್ಟ ಶಾಖದ ಮೊತ್ತ ಸರಿಹೊಂದುತ್ತದೆ.

ಗಾಳಿಯ ಅನುಕೂಲ, ಗಾಳಿಯ ಬೆಲೆ

ಈ ಯಂತ್ರಕ್ಕೆ ಕೂಲಿಂಗ್ ಟವರ್ ಬೇಡ; ಆವಿಯಾಗಿ ಹೋಗುವ ನೀರಿನ ಖರ್ಚೂ ಇಲ್ಲ. ಆದರೆ ಶೀತಕವು ದ್ರವವಾಗಬೇಕಾದರೆ ಅದು ಹೊರಗಾಳಿಗಿಂತ ಸುಮಾರು 10ರಿಂದ 15 ಡಿಗ್ರಿ ಹೆಚ್ಚು ಬಿಸಿಯಾಗಿರಬೇಕು. ಆದುದರಿಂದ ಬೇಸಿಗೆಯಲ್ಲಿ ಕಂಪ್ರೆಸರಿನ ಶ್ರಮ ಹೆಚ್ಚು. ಕಂಡೆನ್ಸರಿನ ಉಷ್ಣತೆ ಒಂದು ಡಿಗ್ರಿ ಏರಿದರೆ ವಿದ್ಯುತ್ ಬಳಕೆ ಸುಮಾರು ಶೇ. 2ರಿಂದ 3ರಷ್ಟು ಏರುತ್ತದೆ. ಫೌಂಡ್ರಿಯ ಧೂಳು ಕಂಡೆನ್ಸರಿನ ರೆಕ್ಕೆಗಳನ್ನು ಮುಚ್ಚಿದರೆ, ಅಥವಾ ಮುಚ್ಚಿದ ಶೆಡ್ಡಿನೊಳಗೆ ಬಿಸಿಗಾಳಿಯೇ ಸುತ್ತುತ್ತಿದ್ದರೆ ಪರಿಣಾಮವೂ ಇದೇ.

ಉದಾಹರಣೆಗೆ, 20 ಟನ್ ಸಾಮರ್ಥ್ಯದ ಚಿಲ್ಲರ್ ಗಂಟೆಗೆ 24 ಯೂನಿಟ್ ಬಳಸುತ್ತದೆ ಎಂದಿರಲಿ. ವರ್ಷಕ್ಕೆ 3,000 ಗಂಟೆ ನಡೆದರೆ 72,000 ಯೂನಿಟ್ ಆಗುತ್ತದೆ. ಯೂನಿಟ್ಟಿಗೆ ರೂ. 8 ಎಂದು ಹಿಡಿದರೆ ವೆಚ್ಚ ರೂ. 5,76,000. ನಿರ್ಲಕ್ಷ್ಯದಿಂದ ಶೇ. 10 ಹೆಚ್ಚಾದರೆ ವರ್ಷಕ್ಕೆ ರೂ. 57,600 ನಷ್ಟ. ಯಂತ್ರದ ಬೆಲೆ ಒಮ್ಮೆ ತೆರುವಂಥದು; ಈ ಹೊರೆ ಪ್ರತಿ ತಿಂಗಳ ಮೆಸ್ಕಾಂ ಬಿಲ್ಲಿನಲ್ಲಿ ಬರುವಂಥದು.

ಖರೀದಿಗೆ ಮುನ್ನ

ಕ್ಯಾಟಲಾಗಿನ ಸಾಮರ್ಥ್ಯವನ್ನು ಸಾಮಾನ್ಯವಾಗಿ 35 ಡಿಗ್ರಿ ಹೊರಗಾಳಿಗೆ ನಮೂದಿಸಿರುತ್ತಾರೆ. ಕೊಟೇಶನ್ ಕೇಳುವಾಗ 40 ಡಿಗ್ರಿಯಲ್ಲಿ ಎಷ್ಟು ಟನ್, ಎಷ್ಟು ಕಿಲೋವ್ಯಾಟ್ ಎಂಬುದನ್ನು ಲಿಖಿತವಾಗಿ ಪಡೆಯುವುದು ಒಳಿತು. ಅಗ್ಗಕ್ಕೆ ಸಿಗುವ ಹಳೆಯ ಯಂತ್ರದಲ್ಲಿ ಆರ್-22 ಶೀತಕವಿದೆಯೇ ಎಂದೂ ಪರಿಶೀಲಿಸಬೇಕು. ಓಝೋನ್ ಪದರಕ್ಕೆ ಹಾನಿಕರವಾದ ಈ ಶೀತಕದ ಬಳಕೆಯನ್ನು 1987ರ ಮಾಂಟ್ರಿಯಲ್ ಒಪ್ಪಂದದ ಚೌಕಟ್ಟಿನಲ್ಲಿ ಭಾರತವು 2030ರ ವೇಳೆಗೆ ಬಹುಪಾಲು ನಿಲ್ಲಿಸಬೇಕಿದೆ. ಮುಂದೆ ಶೀತಕವೇ ದುರ್ಲಭವಾದರೆ ಅಗ್ಗದ ಯಂತ್ರವೂ ದುಬಾರಿಯಾದೀತು.

ಯಂತ್ರವನ್ನು ಗಾಳಿಯಾಡುವ ನೆರಳಿನಲ್ಲಿ ನಿಲ್ಲಿಸುವುದು, ರೆಕ್ಕೆಗಳನ್ನು ನಿಯಮಿತವಾಗಿ ತೊಳೆಯುವುದು, ಪ್ರತ್ಯೇಕ ಮೀಟರ್ ಅಳವಡಿಸಿ ತಿಂಗಳ ಲೆಕ್ಕ ಬರೆದಿಡುವುದು: ಅಲ್ಪ ವೆಚ್ಚದ ಈ ಮೂರು ಕ್ರಮಗಳಿಂದ ಸಣ್ಣ ಉದ್ದಿಮೆಯ ಲಾಭಾಂಶ ಸೋರಿಹೋಗದಂತೆ ತಡೆಯಬಹುದಾಗಿದೆ.